ನೊರೆ ಬಾರದ ದಿನ

ಮಾರ್ಚ್ 3

ಇವತ್ತಿನಿಂದ ಇದು ನನ್ನ ಸಾಮ್ರಾಜ್ಯ: ಊರಿನ ಚರಂಡಿ ನೀರನ್ನು ಶುದ್ಧ ಮಾಡಿ ಸಮುದ್ರಕ್ಕೆ ಬಿಡುವ ಘಟಕ. ಎರಡು ದೊಡ್ಡ ತೊಟ್ಟಿ, ತುಕ್ಕು ಹಿಡಿದ ಒಂದು ಏಣಿ, ಲ್ಯಾಬು ಎಂದು ಕರೆಯುವ ಒಂದು ಕೋಣೆ. ಲ್ಯಾಬಿನ ಬೀಗದ ಕೈ ಕಳೆದು ಎರಡು ವರ್ಷವಾಯಿತಂತೆ. ತಳ್ಳಿದರೆ ಬಾಗಿಲು ತೆರೆಯುತ್ತದೆ, ಹಾಗಾಗಿ ಯಾರೂ ಹುಡುಕಲಿಲ್ಲವಂತೆ.

ಇಪ್ಪತ್ತಾರು ವರ್ಷ ಕೆಮಿಸ್ಟ್ ಆಗಿ ದುಡಿದವಳಿಗೆ ಸಿಕ್ಕ ಬಹುಮಾನ. ಒಳನಾಡಿನ ಲ್ಯಾಬಿನಲ್ಲಿ ಒಂದು ಅಂಕಿ ತಿದ್ದು ಎಂದರು, ತಿದ್ದಲಿಲ್ಲ. ಎತ್ತಿ ಸಮುದ್ರದ ದಂಡೆಗೆ ಬಿಸಾಡಿದರು. ಬಿಸಾಡಲಿ. ಬರೆದ ಅಂಕಿಯ ಮೇಲೆ ಗೀಟು ಎಳೆದವಳು ನಾನಲ್ಲ, ಎಳೆಯುವವಳೂ ಅಲ್ಲ.

ಇಲ್ಲಿನ ಮೇಲಧಿಕಾರಿಯನ್ನೂ ಕಂಡೆ. ಅಂಗಿಗೆ ಎಷ್ಟು ಗಂಜಿ ಹಾಕಿಸಿದ್ದಾರೆಂದರೆ ಮನುಷ್ಯ ಕೂತರೂ ಅಂಗಿ ನಿಂತೇ ಇರುತ್ತದೆ. ಬೆನ್ನ ಹಿಂದೆ ಎಲ್ಲರೂ ಇಸ್ತ್ರಿ ಸಾಹೇಬ ಎನ್ನುತ್ತಾರೆ. ತೊಟ್ಟಿ ತೋರಿಸಿ ಎಂದರೆ ಕಿಟಕಿಯಿಂದ ಬೆರಳು ಮಾಡಿ ತೋರಿಸಿದರು.

ಇರುವುದು ಅಕ್ಕನ ಮನೆಯಲ್ಲಿ. ಅಕ್ಕ ಮೊದಲ ದಿನವೇ ಹಿತ್ತಲ ಬಾಗಿಲು ತೋರಿಸಿದಳು. "ಬೇಜಾರು ಮಾಡ್ಕೋಬೇಡ ಕಣೇ, ಕೆಲಸದಿಂದ ಬಂದಾಗ ಈ ಕಡೆಯಿಂದ ಬಾ. ನಿನ್ನ ಬಟ್ಟೆಗೆ ಬೇರೆ ಬಕೆಟ್ ಇಟ್ಟಿದ್ದೀನಿ." ನಿಮ್ಮ ಮನೆಯ ಬಚ್ಚಲಿನಿಂದ ಹೋದದ್ದೇ ನನ್ನ ಹತ್ತಿರ ಬರುವುದು ತಾಯಿ ಎನ್ನೋಣ ಅನಿಸಿತು. ಬಿಸಿ ಅನ್ನ ಬಡಿಸುತ್ತಿದ್ದಳು. ತಟ್ಟೆ ಮುಂದಕ್ಕೆ ಚಾಚಿದೆ.

ಮಾರ್ಚ್ 6

ಊರಿನ ಹೊಲಸು ಎರಡು ಕೊಳವೆಯಲ್ಲಿ ಬರುತ್ತದೆ. ಒಂದು ಪೇಟೆಯದು, ಇನ್ನೊಂದು ಬಂದರಿನ ಕಡೆಯದು. ಎರಡಕ್ಕೂ ಕಬ್ಬಿಣದ ಗೇಟು, ಗೇಟಿಗೊಂದು ಚಕ್ರ. ಚಕ್ರ ತಿರುಗಿಸುವವನಿಗೆ ಗೇಟಣ್ಣ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾನೆ. ತೊಟ್ಟಿಗೆ ಗಾಳಿ ಊದುವ ಯಂತ್ರಗಳೂ ಅವನ ಸುಪರ್ದಿ. ಮೊಣಕಾಲು ಮಟ್ಟದ ಬೂಟು, ತಲೆಗೊಂದು ಬಟ್ಟೆ. ನಾಲ್ಕು ಪ್ರಶ್ನೆ ಕೇಳಿದರೆ ಒಂದು ಉತ್ತರ.

ಬಂದರು ಗೇಟಿನ ಪಕ್ಕದ ಗೋಡೆಗೂಡಿನಲ್ಲಿ ಹಳದಿ ಬಟ್ಟೆಸೋಪಿನ ಒಂದು ತುಂಡು, ಒಂದು ಪ್ಲಾಸ್ಟಿಕ್ ಮಗ್ಗು ಇಟ್ಟುಕೊಂಡಿದ್ದಾನೆ. ಇವತ್ತು ಕಣ್ಣಾರೆ ಕಂಡೆ: ಹೊಲಸು ನೀರನ್ನೇ ಮಗ್ಗಿನಲ್ಲಿ ಎತ್ತಿ, ಸೋಪು ಉಜ್ಜಿ, ಅದರಲ್ಲೇ ಕೈ ತೊಳೆಯುತ್ತಾನೆ! ಹತ್ತು ಹೆಜ್ಜೆ ಆಚೆ ನಲ್ಲಿ ಇದೆ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಈ ಮಹಾನುಭಾವನನ್ನು ನೋಡಿರಲಿಲ್ಲ.

ಮಾರ್ಚ್ 10

ಊಟದ ಹೊತ್ತಿಗೆ ಅಕ್ಕ ಕೇಳಿದಳು, "ಅಲ್ಲಿ ನೀನು ಮಾಡೋದಾದರೂ ಏನೇ?"

ಹೇಳಿದೆ. ತೊಟ್ಟಿಯಿಂದ ಹೊರಬಿದ್ದ ನೀರಿಗೆ ಕಿತ್ತಳೆ ಬಣ್ಣದ ಔಷಧಿ ಹಾಕಿ ಎರಡು ಗಂಟೆ ಕುದಿಸುವುದು. ಕೊಳೆ ಎಷ್ಟಿದೆಯೋ ಅಷ್ಟು ಔಷಧಿ ಖರ್ಚಾಗುತ್ತದೆ, ಅದರಿಂದ ಒಂದು ಅಂಕಿ ಬರುತ್ತದೆ. ನೂರರೊಳಗೆ ಬಂದರೆ ಸಮುದ್ರಕ್ಕೆ ಬಿಡಬಹುದು. ನೀರಿನಲ್ಲಿರುವ ಉಪ್ಪು ಲೆಕ್ಕ ಕೆಡಿಸಬಾರದೆಂದು ಪಾದರಸದ ಉಪ್ಪನ್ನೂ ಸ್ವಲ್ಪ ಹಾಕುತ್ತೇವೆ. ಅದಕ್ಕೆ ನನ್ನ ಅಳತೆ ಒಂದು ಹಳೆಯ ಪೆನ್ನಿನ ಮುಚ್ಚಳ. ಕೆಲಸಕ್ಕೆ ಸೇರಿದ ವರ್ಷ ತೂಗಿ ಗುರುತು ಮಾಡಿಕೊಂಡದ್ದು, ಇಲ್ಲಿಗೂ ತಂದಿದ್ದೇನೆ.

"ಇಷ್ಟೇನಾ?" ಎಂದಳು ಅಕ್ಕ.

ಭಾವ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಈಗ ದಿನಾ ದೋಣಿ ನಿಲ್ಲುವ ಧಕ್ಕೆಗೆ ಹೋಗಿ ಸಮುದ್ರ ಎಷ್ಟು ಮೆಟ್ಟಿಲು ಹತ್ತಿದೆ ಎಂದು ಎಣಿಸಿ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. "ಇವತ್ತು ಐದು" ಎಂದು ಘೋಷಿಸಿದರು. ಒಬ್ಬರೂ ಕೇಳಿರಲಿಲ್ಲ. ಕೆಲಸವಿಲ್ಲದ ಗಂಡಸಿಗಿಂತ ದೊಡ್ಡ ಶಿಕ್ಷೆ ಒಂದು ಮನೆಗೆ ಬೇರೆ ಇಲ್ಲ.

ಮಾರ್ಚ್ 14

ಬೆಳಗ್ಗೆ ಹನ್ನೊಂದಕ್ಕೆ ನೋಡುತ್ತೇನೆ, ಬಂದರು ಗೇಟು ಮುಚ್ಚಿದೆ! ಗೇಟಣ್ಣ ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಾನೆ.

"ಯಾರನ್ನ ಕೇಳಿ ಹಾಕಿದೆ?"

"ಅಮಾವಾಸ್ಯೆ ಅಲ್ವಾ ಮೇಡಂ."

"ಅಮಾವಾಸ್ಯೆ ಆದ್ರೆ?"

"ಅಮಾವಾಸ್ಯೆ, ಹುಣ್ಣಿಮೆ ಬಂದರಿನ ನೀರು ಸರಿ ಇರಲ್ಲ. ತೊಟ್ಟಿ ಹುಳಗಳಿಗೆ ಆಗಿಬರಲ್ಲ. ಎರಡು ತಾಸು ತಡೆದು ಬಿಡ್ತೀನಿ. ಈ ಸೋಪಿದೆಯಲ್ಲ ಮೇಡಂ..."

ತೊಟ್ಟಿಯಲ್ಲಿ ಹೊಲಸು ತಿಂದು ನೀರು ತಿಳಿ ಮಾಡುವ ಸೂಕ್ಷ್ಮಜೀವಿಗಳನ್ನು ಇವನು ಹುಳ ಎನ್ನುತ್ತಾನೆ. ಅವಕ್ಕೂ ಒಳ್ಳೆಯ ದಿನ, ಕೆಟ್ಟ ದಿನ! ಮುಂದೆ ಮಾತಾಡಲು ಬಿಡಲಿಲ್ಲ. "ನನಗೆ ಗೊತ್ತಿಲ್ಲದ್ದನ್ನ ನೀನು ಹೇಳಿಕೊಡಬೇಕಾಗಿಲ್ಲ" ಎಂದೆ. "ಆಯ್ತು ಮೇಡಂ" ಎಂದು ಸೋಪನ್ನು ಗೂಡಿಗೆ ಇಟ್ಟ.

ಮಧ್ಯಾಹ್ನ ವರದಿ ಬರೆದೆ. ಅಪ್ಪಣೆ ಇಲ್ಲದೆ ಗೇಟು ಮುಚ್ಚುತ್ತಾನೆ, ಕಾರಣ ಕೇಳಿದರೆ ಅಮಾವಾಸ್ಯೆ ಎನ್ನುತ್ತಾನೆ, ಕೆಲಸದ ಹೊತ್ತಿನಲ್ಲಿ ಹೊಲಸು ನೀರಿನಲ್ಲಿ ಸೋಪು ಹಚ್ಚಿಕೊಂಡು ಆಡುತ್ತಾನೆ. ಒಳ್ಳೆಯ ವರದಿ. ಒಂದು ಮಾತೂ ಹೆಚ್ಚಿಲ್ಲ.

ಮಾರ್ಚ್ 17

ಇಸ್ತ್ರಿ ಸಾಹೇಬರಿಗೆ ನನ್ನ ವರದಿ ಹಬ್ಬದೂಟ. ಗೇಟು ಮುಚ್ಚಿದಾಗಲೆಲ್ಲ ಬಂದರು ರಸ್ತೆಯ ಹೋಟೆಲುಗಳ ಮುಂದೆ ವಾಸನೆ ಬರುತ್ತಿತ್ತಂತೆ, ಇವರಿಗೆ ಫೋನು ಬರುತ್ತಿತ್ತಂತೆ. ಇನ್ನು ಮುಂದೆ ಎರಡೂ ಗೇಟು ಸದಾ ತೆರೆದಿರಬೇಕು ಎಂದು ಲಿಖಿತ ಆದೇಶ. ಗೇಟಣ್ಣ ಓದಿಸಿಕೊಂಡು ಕೇಳಿ, ಹೆಬ್ಬೆರಳಲ್ಲ, ಅಂಕುಡೊಂಕಾದ ಸಹಿ ಹಾಕಿದ. "ಹುಣ್ಣಿಮೆಗೂನಾ?" ಎಂದು ಒಮ್ಮೆ ಕೇಳಿದ. ಉತ್ತರ ಕೊಡಲು ನನಗೆ ಬಿಡುವಿರಲಿಲ್ಲ.

ಮಾರ್ಚ್ 29

ಮುನ್ನೂರ ಅರವತ್ತೆರಡು.

ಮೂರು ಸಲ ಮಾಡಿದೆ. ಅದೇ. ದಿನಾ ಅರವತ್ತು ಅರವತ್ತೈದು ಬರುತ್ತಿದ್ದ ನೀರು ಇವತ್ತು 362. ಸೇಡು! ಗೇಟು ಮುಚ್ಚಬೇಡ ಎಂದದ್ದಕ್ಕೆ ತೊಟ್ಟಿಯನ್ನೇ ಕೆಡಿಸಿದ್ದಾನೆ. ಹೋಗಿ ನೋಡಿದರೆ ನಾಲ್ಕೂ ಗಾಳಿಯಂತ್ರ ಓಡಿಸಿಕೊಂಡು, ಕೆಳಗೆ ಕೂತ ಕೆಸರನ್ನು ಮತ್ತೆ ಮತ್ತೆ ಮೇಲಿನ ತೊಟ್ಟಿಗೆ ತಿರುಗಿಸುತ್ತ, ಊಟದ ಡಬ್ಬಿ ಕೂಡ ಬಿಚ್ಚದೆ ಓಡಾಡುತ್ತಿದ್ದಾನೆ. ಬೆಳಗಿನ ಆರರಿಂದ ಇದೇ ಕೆಲಸವಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಏನು ಬೆರೆಸಿದೆ ಹೇಳು."

"ಏನೂ ಇಲ್ಲ ಮೇಡಂ. ನೀರು ಸರಿಯಾಗೇ ಹೋಗ್ತಿದೆ. ಕಣ್ಣಿಗೆ ಕಾಣುತ್ತಲ್ಲ."

"ಕಣ್ಣಿಗೆ ಕಾಣೋ ಹಾಗಿದ್ದಿದ್ದರೆ ಸರ್ಕಾರ ನನಗೆ ಯಾಕೆ ಸಂಬಳ ಕೊಡ್ತಿತ್ತು?"

ಇಂಥ ಸಂದರ್ಭಕ್ಕೆ ನಿಯಮ ಇದೆ. ಅದೇ ನೀರನ್ನು ಇನ್ನೊಂದು ಬಾಟಲಿಗೆ ತುಂಬಿ, ಕೆಡದಂತೆ ಆಸಿಡ್ ಹನಿಸಿ, ಅರಗು ಹಚ್ಚಿ, ನನ್ನ ಸಹಿ ಅವನ ಸಹಿ ಎರಡೂ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು. ಇಪ್ಪತ್ತೆಂಟು ದಿನ ಬೆಲೆ ಅದಕ್ಕೆ. ಇಬ್ಬರೂ ಎದುರಿಗಿದ್ದರೆ ಮಾತ್ರ ಅರಗು ಒಡೆಯಬಹುದು. ಇಟ್ಟೆ. ನನಗೇನು ಭಯ.

ಮಾರ್ಚ್ 31

ಗೇಟಣ್ಣನನ್ನು ತೆಗೆದುಹಾಕಿದರು. ಬೇಕೆಂದೇ ಕೊಳೆ ನೀರನ್ನು ಬಂದರಿಗೆ ಬಿಟ್ಟವನು ಎಂದು ಕಾಗದ, ಕೆಳಗೆ ಸಾಕ್ಷಿಯಾಗಿ ನನ್ನ ಅಂಕಿ, ನನ್ನ ಸಹಿ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬೂಟು ಕಳಚಿ ತೊಳೆದು ಗೋಡೆಗೆ ಒರಗಿಸಿ ಬರಿಗಾಲಲ್ಲಿ ಹೋದ. ಬೂಟು ಇಲಾಖೆಯದಂತೆ. ನಾಟಕ.

ಸೋಪು ಗೂಡಿನಲ್ಲೇ ಇದೆ. ಬಿಸಾಡಲು ಹೇಳಬೇಕು.

ಏಪ್ರಿಲ್ 5

62. 60. 64. ಪೀಡೆ ತೊಲಗಿತು.

ಏಪ್ರಿಲ್ 13

348.

ಈಗ ಯಾರು ಕೆಡಿಸಿದರು? ಗೇಟು ತಿರುಗಿಸುವವರೇ ಇಲ್ಲ. ಇಸ್ತ್ರಿ ಸಾಹೇಬರಿಗೆ ಹೇಳಿದರೆ "ಬೇರೆ ಯಾರಾದರೂ ಇದ್ದಾರಾ ಮೇಡಂ?" ಎಂದರು. ಅಂದರೆ, ತಲೆಗೆ ಕಟ್ಟಲು. ಕಿಟಕಿಯಾಚೆ ಕಣ್ಣಾಡಿಸಿ ಕಾವಲುಗಾರನನ್ನು ಸ್ವಲ್ಪ ಹೊತ್ತು ನೋಡಿದರು.

ಊಟಕ್ಕೆ ಕೂತಾಗ ಭಾವ, "ಇವತ್ತು ಒಂಬತ್ತು ಮೆಟ್ಟಿಲು. ಅಮಾವಾಸ್ಯೆ ಉಬ್ಬರ ಅಂದ್ರೆ ಸುಮ್ನೇನಾ!" ಎಂದರು.

ಅಮಾವಾಸ್ಯೆ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಿ ತುತ್ತನ್ನು ತಟ್ಟೆಗೇ ಬಿಟ್ಟೆ. ಎದ್ದು ಹೋಗಿ ಕ್ಯಾಲೆಂಡರು ತಿರುವಿದೆ. ಮಾರ್ಚ್ 29ರ ಮನೆಯಲ್ಲಿ ಭಾವನ ಸೊಟ್ಟ ಅಕ್ಷರದಲ್ಲಿ: ಹುಣ್ಣಿಮೆ, 9. ಉಳಿದ ದಿನಗಳಲ್ಲಿ ಐದು, ಆರು. ಕೈ ತೊಳೆಯದೆ ಬಹಳ ಹೊತ್ತು ನಿಂತಿದ್ದೆನಂತೆ, ಅಕ್ಕ ಬೈದಳು.

ಏಪ್ರಿಲ್ 15

ಭಾವ ಧಕ್ಕೆಯಿಂದ ಒಂದು ಬಾಟಲಿ ಸಮುದ್ರದ ನೀರು ತಂದುಕೊಟ್ಟರು. ಯಾಕೆ ಎಂದೂ ಕೇಳಲಿಲ್ಲ, ಯಾರೋ ತಮ್ಮಿಂದ ಏನೋ ಕೇಳಿದರಲ್ಲ ಎಂಬ ಖುಷಿಗೆ ಬಾಟಲಿಯನ್ನು ಮೂರು ಸಲ ತೊಳೆದಿದ್ದರು. ಕನ್ನಡಿಯಂಥ ನೀರು. ಒಂದು ಪಾಲು ಅದು, ಮೂರು ಪಾಲು ಡಿಸ್ಟಿಲ್ಡ್ ವಾಟರ್. ಕೊಳೆ ಎಂಬುದರ ಸುಳಿವೂ ಇಲ್ಲ. ಎಂದಿನಂತೆ ಪೆನ್ನಿನ ಮುಚ್ಚಳದಲ್ಲಿ ಒಂದು ಅಳತೆ ಪಾದರಸದ ಉಪ್ಪು ಹಾಕಿ ಕುದಿಸಿದೆ.

ಐನೂರ ತೊಂಬತ್ತು!

ನನ್ನ ಪರೀಕ್ಷೆಯ ಪ್ರಕಾರ ಸಮುದ್ರ ಚರಂಡಿಗಿಂತ ಹೊಲಸು. ಮುಂದಿನ ವಾರ ಸಮುದ್ರವನ್ನೂ ಕೆಲಸದಿಂದ ತೆಗೆಯಬೇಕು.

ಒಳನಾಡಿನ ನೀರಿಗೆ ಒಂದು ಮುಚ್ಚಳ ಸಾಕಾಗಿತ್ತು. ಇಲ್ಲಿ ಬಂದರಿನ ಹಳೆಯ ಕೊಳವೆ ಎಲ್ಲೋ ಬಿರುಕು ಬಿಟ್ಟಿದೆ, ಉಬ್ಬರ ಏರಿದಾಗ ಸಮುದ್ರವೇ ಒಳಗೆ ನುಗ್ಗುತ್ತದೆ. ಅಷ್ಟು ಉಪ್ಪಿಗೆ ನನ್ನ ಮುಚ್ಚಳ ಎಲ್ಲಿ ಸಾಲಬೇಕು! ಉಳಿದ ಉಪ್ಪನ್ನೆಲ್ಲ ಪರೀಕ್ಷೆ ಕೊಳೆ ಎಂದು ಲೆಕ್ಕ ಹಾಕಿತು. ಎತ್ತು ಈಯಿತು ಎಂದು ಪರೀಕ್ಷೆ ಹೇಳಿತು, ಕೊಟ್ಟಿಗೆಗೆ ಕಟ್ಟಿ ಎಂದು ನಾನು ವರದಿ ಬರೆದೆ. ಉಪ್ಪಿನ ಪರೀಕ್ಷೆ ಐದು ನಿಮಿಷದ ಕೆಲಸ. ಕಾಲೇಜು ಹುಡುಗಿಯರು ಮಾಡುತ್ತಾರೆ. ಅದಕ್ಕೇ ನಾನು ಮಾಡಿರಲಿಲ್ಲ.

ಆಮೇಲೆ ಗೇಟಿನ ಹತ್ತಿರ ಹೋದೆ. ಸೋಪು ಅಲ್ಲೇ ಇತ್ತು. ನಲ್ಲಿಯ ನೀರಿನಲ್ಲಿ ಉಜ್ಜಿದೆ, ಕೈತುಂಬ ನೊರೆ. ಬಾಟಲಿಯಲ್ಲಿ ಉಳಿದ ಸಮುದ್ರದ ನೀರಿನಲ್ಲಿ ಉಜ್ಜಿದೆ. ಒಡೆದ ಹಾಲಿನ ಹಾಗೆ ಬಿಳಿ ಗಸಿ ಬಂತು, ನೊರೆ ಬರಲಿಲ್ಲ. ಅವನು ಕೈ ತೊಳೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಉಪ್ಪಿನ ಪರೀಕ್ಷೆ ಮಾಡುತ್ತಿದ್ದ. ಈ ಘಟಕದಲ್ಲಿ ಅದನ್ನು ಮಾಡುತ್ತಿದ್ದವನು ಅವನೊಬ್ಬನೇ. ನನಗೆ ನನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಅಷ್ಟೊಂದು ಇಸ್ತ್ರಿ ಸಾಹೇಬರ ಮೇಲೂ ಬಂದಿಲ್ಲ.

ಏಪ್ರಿಲ್ 17

ಫ್ರಿಜ್ಜಿನ ಬಾಟಲಿ ಒಡೆಯಬೇಕು ಎಂದೆ. ಉಪ್ಪು ತಗ್ಗುವಷ್ಟು ನೀರು ಬೆರೆಸಿ ಮತ್ತೆ ಕುದಿಸಿದರೆ ಮಾರ್ಚ್ 29ರ ನಿಜವಾದ ಅಂಕಿ ಸಿಗುತ್ತದೆ. ಏಪ್ರಿಲ್ 26ರ ತನಕ ಅವಧಿ ಇದೆ.

ಇಸ್ತ್ರಿ ಸಾಹೇಬರು ತೋಳಿನ ಮಡಿಕೆ ಸರಿ ಮಾಡಿಕೊಂಡರು. "ಅಂಕಿ ತಿದ್ದಲ್ಲ ಅಂತ ತಾನೇ ನಿಮ್ಮನ್ನ ಇಲ್ಲಿಗೆ ಹಾಕಿದ್ದು? ಈಗ ನೀವಾಗೇ ತಿದ್ತೀನಿ ಅಂತೀರಲ್ಲ ಮೇಡಂ!"

ರಿಜಿಸ್ಟರಿನಲ್ಲಿ ಮಾರ್ಚ್ 29ರ ಪುಟ ತೆರೆದು ಅವರ ಮುಂದಿಟ್ಟೆ.

"ಹೋಗಲಿ ಬಿಡಿ. ಇಪ್ಪತ್ತಾರಕ್ಕೆ ಬಾಟಲಿ ತಾನಾಗೇ ವೇಸ್ಟ್ ಆಗುತ್ತೆ. ಹೋದವನು ಹೋದ. ಮುಂದಿನ ತಿಂಗಳು ನಿಮ್ಮ ಬಡ್ತಿ ಫೈಲು ನನ್ನ ಟೇಬಲ್ ಮೇಲಿಂದಾನೇ ಹೋಗಬೇಕು. ಯೋಚನೆ ಮಾಡಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥವರಿಗೆ ಅಂಗಿಗಷ್ಟೇ ಅಲ್ಲ, ಮಾತಿಗೂ ಇಸ್ತ್ರಿ. ಆದರೆ ನಿಜ ಹೇಳಬೇಕೆಂದರೆ, ನಿನ್ನೆ ಇಡೀ ದಿನ ನಾನೂ ಬಡ್ತಿಯ ವಿಷಯ ಯೋಚಿಸಿದ್ದೆ. ಯೋಚಿಸಿದ್ದೆ ಎಂದು ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರೂ ಓದುವುದಿಲ್ಲವಲ್ಲ.

ಏಪ್ರಿಲ್ 19

ಗೇಟಣ್ಣ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ್ದಾನೆ ಎಂದು ಕಾವಲುಗಾರ ಹೇಳಿದ. ಹೋದೆ. ನನ್ನನ್ನು ನೋಡಿಯೂ ಪೈಪು ಕೆಳಗಿಡಲಿಲ್ಲ. ಒಂದು ಬಸ್ಸಿನ ಬೆನ್ನು ಪೂರ್ತಿ ತೊಳೆದು ಆಮೇಲೆ ನೀರು ನಿಲ್ಲಿಸಿದ.

"ಸೋಪಿನ ವಿಷಯ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ. ನಿಮಗೆ ಗೊತ್ತಿಲ್ಲದ್ದನ್ನ ನಾನು ಹೇಳಿಕೊಡಬೇಕಾಗಿಲ್ಲ ಅಂದ್ರಿ."

"ಬಾಟಲಿ ಒಡೀಬೇಕು. ನೀನು ಎದುರಿಗಿಲ್ಲದೆ ಆಗಲ್ಲ."

"ಒಡೆದ್ರೆ ಏನು ಬರುತ್ತೆ?"

ಚೆನ್ನಾಗಿ ಬರುತ್ತದೆ ಎನ್ನಬಹುದಿತ್ತು. "ಗೊತ್ತಿಲ್ಲ" ಎಂದೆ. "ನನ್ನ ಅಂಕಿ ತಪ್ಪು ಅಂತ ಗೊತ್ತು. ಸರಿ ಎಷ್ಟು ಅಂತ ಗೊತ್ತಿಲ್ಲ. ಅವತ್ತು ಉಪ್ಪು ನುಗ್ಗಿತ್ತಲ್ಲ, ಹುಳ ಸತ್ತು ನಿಜವಾಗಿಯೂ ಕೆಟ್ಟಿದ್ದರೂ ಕೆಟ್ಟಿರಬಹುದು."

ಅವನು ನಕ್ಕ. ಅಂಥ ನಗುವನ್ನು ನಾನು ಬೇರೆಯವರಿಗೆ ಕೊಟ್ಟು ಗೊತ್ತು, ತೆಗೆದುಕೊಂಡು ಗೊತ್ತಿರಲಿಲ್ಲ. "ಅಂದ್ರೆ ಇನ್ನೊಂದು ಸಲ ಕೊಳೆ ಅನ್ನಿಸಿಕೊಳ್ಳೋಕೆ ನಾನೇ ನಡ್ಕೊಂಡು ಬರಬೇಕಾ ಮೇಡಂ? ಇಲ್ಲಿ ಖಾಯಂ ಮಾಡ್ತಾರಂತೆ. ಹಳೇ ಕೆಲಸದ ಕಾಗದ ಕೇಳ್ತಾರೆ. ನೀವು ಕೊಟ್ಟ ಕಾಗದ ಮಗಳು ಓದಿ ಹೇಳಿದಳು. ಅವಳಿಗೆ ಓದೋಕೆ ಕಲಿಸಿದ್ದೇ ತಪ್ಪಾಯ್ತು ಅನಿಸ್ತು ಅವತ್ತು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಾನು ಕೊಡಲು ಹೋದದ್ದು ಆನೆಯೂ ಅಲ್ಲ, ಒಂದು ಬಾಟಲಿ.

"ಇಪ್ಪತ್ತಾರು ಕೊನೇ ದಿನ. ನಿಮಗೆ ಬಿಡುವಾದಾಗ ಬನ್ನಿ" ಎಂದೆ. ಪೈಪು ತಿರುಗಿಸಿ ಮುಂದಿನ ಬಸ್ಸಿಗೆ ಹೋದ. ನನ್ನ ಸೀರೆಯ ಅಂಚು ಒದ್ದೆಯಾಯಿತು. ಬೇಕೆಂದೇ ಮಾಡಿದನೋ ಏನೋ, ಕೇಳಲಿಲ್ಲ.

ಏಪ್ರಿಲ್ 22

ಬರಲಿಲ್ಲ. ಫ್ರಿಜ್ಜು ಕೆಟ್ಟರೆ ಎಂದು ಹೆದರಿ ಮೂರು ಸಲ ಬಾಗಿಲು ತೆರೆದು ನೋಡಿದೆ. ನಾನು ತೆರೆದೇ ಕೆಡುತ್ತದೆ ಇನ್ನು.

ಏಪ್ರಿಲ್ 24

ಬಂದರು. ಗೇಟಣ್ಣನಿಗೆ ವಾರದ ರಜೆಯಂತೆ. ಒಗೆದ ಅಂಗಿ, ಕಾಲಿಗೆ ಹೊಸ ಚಪ್ಪಲಿ. ಲ್ಯಾಬಿನ ಬಾಗಿಲ ಹತ್ತಿರ ಚಪ್ಪಲಿ ಬಿಡಲು ಹೋದರು. ಬೇಡ, ಗಾಜಿನ ಚೂರು ಇರುತ್ತದೆ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಈ ಕೋಣೆಯೊಳಗೆ ಬಂದದ್ದು ಇದೇ ಮೊದಲಂತೆ. ಬೀಗವೇ ಹಾಕದ ಕೋಣೆ.

ಅರಗು ಇಬ್ಬರೂ ನೋಡಿದೆವು. ಅವರ ಸಹಿ, ನನ್ನ ಸಹಿ. ಒಡೆದೆ. ಮೊದಲು ಉಪ್ಪು ಅಳೆದೆ. ಐದು ನಿಮಿಷ. ಆಮೇಲೆ ಲೆಕ್ಕದ ಪ್ರಕಾರ ನೀರು ಬೆರೆಸಿ, ಪಾದರಸದ ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕಿದೆ. ಪೆನ್ನಿನ ಮುಚ್ಚಳ ಡ್ರಾಯರಿನಲ್ಲೇ ಇತ್ತು.

ಎರಡು ಗಂಟೆ ಕುದಿಯಬೇಕು. ಅವರು ಸ್ಟೂಲಿನ ಮೇಲೆ, ನಾನು ಕುರ್ಚಿಯ ಮೇಲೆ. ಏನು ಮಾತಾಡುವುದು? ಇಷ್ಟು ಮೌನವಾದ ಮನುಷ್ಯನ ಜೊತೆ ಎರಡು ಗಂಟೆ ಕೂರುವುದು ಹಿಂಸೆಯೇ. ಕೊನೆಗೆ "ಅವತ್ತು ಊಟ ಯಾವಾಗ ಮಾಡಿದ್ರಿ?" ಎಂದು ಕೇಳಿದೆ. "ಯಾವತ್ತು?" "29ಕ್ಕೆ." ಯೋಚಿಸಿ, "ಮಾಡಲಿಲ್ಲ" ಎಂದರು. "ಉಪ್ಪು ನೀರು ಬಿದ್ದಾಗ ಹುಳಗಳಿಗೆ ಉಸಿರು ಕಟ್ಟುತ್ತೆ ಮೇಡಂ. ಗಾಳಿ ಜಾಸ್ತಿ ಕೊಡಬೇಕು, ಹಳೇ ಕೆಸರು ತಿರುಗಿಸಿ ಕೊಡಬೇಕು. ಬಿಟ್ಟು ಹೋದ್ರೆ ಸಾಯ್ತವೆ."

ಆಮೇಲೆ ತಣಿಸಿ, ಹನಿ ಹನಿ ಬಿಟ್ಟು, ನೀಲಿಹಸಿರು ಇಟ್ಟಿಗೆ ಕೆಂಪಿಗೆ ತಿರುಗುವ ತನಕ ನೋಡಿದೆ. ಅವರು ಬಣ್ಣ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಎಪ್ಪತ್ತೊಂದು.

"ಎಪ್ಪತ್ತೊಂದು ಬಂತು" ಎಂದೆ.

ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕೇಳಿದರು, "ಎಪ್ಪತ್ತೊಂದು ಅಂದ್ರೆ ಒಳ್ಳೇದಾ ಮೇಡಂ?"

ಇಪ್ಪತ್ತೆರಡು ವರ್ಷ. ದಿನಕ್ಕೊಂದು ಅಂಕಿ. ಅಷ್ಟೂ ಈ ಕೋಣೆಯ ರಿಜಿಸ್ಟರಿನಲ್ಲಿ ಬರೆದು ಕಪಾಟಿನಲ್ಲಿ ಪೇರಿಸಿ ಇಟ್ಟಿದೆ. ನನ್ನ ಹಿಂದಿನವರು, ಅವರ ಹಿಂದಿನವರು, ನಾನು, ಒಬ್ಬರೂ ಗೇಟಿನ ತನಕ ಐವತ್ತು ಹೆಜ್ಜೆ ನಡೆದು ಇವತ್ತು ಇಷ್ಟು ಬಂತು ಎಂದು ಹೇಳಿರಲಿಲ್ಲ.

"ನೂರು ದಾಟಬಾರದು ಅಂತ ಕಾನೂನು" ಎಂದೆ. "ದಿನಾ ಅರವತ್ತರ ಆಸುಪಾಸು ಬರ್ತಿತ್ತು. ಸಮುದ್ರವೇ ಒಳಗೆ ನುಗ್ಗಿದ ದಿನ ಎಪ್ಪತ್ತೊಂದಕ್ಕೆ ಹಿಡಿದು ನಿಲ್ಲಿಸಿದ್ದೀರಿ. ನನ್ನ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ."

"ಹೌದಾ" ಎಂದರು. ತಲೆ ತಗ್ಗಿಸಿ ಕೈಗಳನ್ನು ನೋಡಿಕೊಂಡರು. ಆಮೇಲೆ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಆಸಿಡ್ಡಿನ ಹೊಗೆ ಎಂದರು. ಹೊಗೆ ಇರಲಿಲ್ಲ. ಹೌದು, ಕಣ್ಣಿಗೆ ಉರಿ ಎಂದೆ.

ರಿಜಿಸ್ಟರು ತೆಗೆದು 362ರ ಮೇಲೆ ಗೀಟು ಎಳೆದು 71 ಎಂದು ಬರೆದೆ. ಪರೀಕ್ಷೆ ಮಾಡಿದವರ ತಪ್ಪು ಎಂದು ಪಕ್ಕದಲ್ಲಿ ಕಾರಣ ಬರೆದೆ. ಅದನ್ನೇ ಎರಡು ಪ್ರತಿ ಮಾಡಿ ಒಂದನ್ನು ಇಸ್ತ್ರಿಯ ಟೇಬಲ್ ದಾಟಿಸಿ ನೇರ ಕೇಂದ್ರ ಕಚೇರಿಗೆ ಕಳಿಸಿದೆ, ಇನ್ನೊಂದನ್ನು ಅವರಿಗೆ ಕೊಟ್ಟೆ. ಮಗಳ ಹತ್ತಿರ ಓದಿಸಿ ಎಂದೆ.

ಬಾಗಿಲ ತನಕ ಹೋದವರು ತಿರುಗಿ, "27ಕ್ಕೆ ಹುಣ್ಣಿಮೆ. ಹತ್ತೂವರೆಗೇ ಸೋಪು ಹಚ್ಚಿ ನೋಡಿ. ಹನ್ನೊಂದಕ್ಕೆ ಕಾಯಬೇಡಿ" ಎಂದರು.

ಏಪ್ರಿಲ್ 30

ಬಡ್ತಿ ಫೈಲು ವಾಪಸು ಬಂತು. ಜೊತೆಗೊಂದು ಮೆಮೋ: ಅಧಿಕಾರ ಮೀರಿ ಪತ್ರವ್ಯವಹಾರ. ಇಸ್ತ್ರಿ ಸಾಹೇಬರು ಬಹಳ ವಿಷಾದದ ಮುಖ ಮಾಡಿಕೊಂಡು ಕೊಟ್ಟರು. ಅಂಗಿಗೆ ಕೂಡ ವಿಷಾದವಾದಂತಿತ್ತು.

ಗೇಟಣ್ಣನನ್ನು ಮತ್ತೆ ತೆಗೆದುಕೊಳ್ಳಬಹುದು ಎಂದು ಮೇಲಿನಿಂದ ಆದೇಶ ಬಂದಿದೆ, ಹಳೆಯ ಗುತ್ತಿಗೆಯ ಮೇಲೇ. ಹೇಳಲು ಹೋದರೆ ಅವರು ಬೇಡ ಎಂದರು. ಡಿಪೋದಲ್ಲಿ ನಾಳೆಯಿಂದ ಖಾಯಂ. ನಾನು ಕೊಟ್ಟ ಕಾಗದ ಅಲ್ಲಿನವರು ಎರಡು ಸಲ ಓದಿದರಂತೆ. ಮನಸ್ಸಿಗೆ ಬೇಸರವಾಯಿತು. ಯಾಕೆ ಬೇಸರವಾಗಬೇಕು, ಬರುತ್ತಾರೆ ಎಂದು ನಾನೇನು ಕಾಯುತ್ತಿದ್ದೆನೇ?

ಉಬ್ಬರದ ಹೊತ್ತಿಗೆ ಬಂದರು ಗೇಟು ಮುಚ್ಚಬೇಕು ಎಂದೂ ಅದೇ ಆದೇಶದಲ್ಲಿದೆ. ಯಾರು ಮುಚ್ಚಬೇಕು ಎಂದು ಮಾತ್ರ ಇಲ್ಲ.

ಮೇ 12

ಅಮಾವಾಸ್ಯೆ. ಬೂಟು ನನ್ನ ಕಾಲಿಗೆ ಎರಡು ಸೈಜು ದೊಡ್ಡದು, ಒಳಗೆ ಬಟ್ಟೆ ತುರುಕಿಕೊಂಡೆ. ಮಗ್ಗಿನಲ್ಲಿ ನೀರೆತ್ತಿ ಸೋಪು ಉಜ್ಜಿದೆ. ನೊರೆ ಬರಲಿಲ್ಲ. ಚಕ್ರ ತಿರುಗಿಸಿ ಗೇಟು ಇಳಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಇಸ್ತ್ರಿ ಸಾಹೇಬರು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು. ಮನುಷ್ಯನಿಗೆ ಇಷ್ಟಾದರೂ ನಾಚಿಕೆ ಇದೆಯಲ್ಲ.

ಮನೆಗೆ ಬರುವಾಗ ಡಿಪೋ ದಾರಿಯಲ್ಲಿ ಬಂದೆ. ಅದು ಸುತ್ತು ದಾರಿ, ಆದರೆ ನೆರಳಿದೆ. ಅವರು ಪೈಪು ನಿಲ್ಲಿಸಿ ರಸ್ತೆಯ ಪಕ್ಕಕ್ಕೆ ಬಂದರು.

"ಇವತ್ತು ಎಷ್ಟು ಮೇಡಂ?"

"ಎಂಬತ್ತಾರು."

ಸ್ವಲ್ಪ ಲೆಕ್ಕ ಹಾಕಿ, ತಲೆ ಅಲ್ಲಾಡಿಸಿ, "ಗೇಟು ತಡ ಮಾಡಿದ್ರಿ" ಎಂದರು.

ಹತ್ತು ನಿಮಿಷ ತಡವಾಗಿತ್ತು, ನಿಜ.